ಮಗುವಿನ ಮೈಮೇಲಿನ ಕೆಂಪು ಮಚ್ಚೆ: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಕೂಡದು



ಈ ಪತ್ರಿಕೆಯಲ್ಲಿ ನಾನು ಬೀಜೋಪಚಾರ, ಗೊಬ್ಬರದ ಗುಂಡಿ, ಬದುಗಳ ರಕ್ಷಣೆ ಮುಂತಾದ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಸಲ ಬರೆಯುತ್ತಿರುವುದು ಬೆಳೆಯ ಮಾತಲ್ಲ, ಹಸುಗೂಸಿನ ಮಾತು. ಬೇಸಾಯ ಓದಿದವನಿಗೆ ಇದರ ಗೊಡವೆ ಏತಕ್ಕೆ ಎಂದು ನೀವು ಕೇಳಬಹುದು. ಕೇಳುವ ಮೊದಲೇ ಕಾರಣವನ್ನು ಹೇಳಿಬಿಡುತ್ತೇನೆ.

ಕಳೆದ ವರ್ಷ ಮುಂಗಾರಿಗೆ ಮುಂಚೆ ರಾಗಿ ಬೀಜಕ್ಕೆ ಔಷಧಿ ಬೆರೆಸುವುದನ್ನು ತೋರಿಸಲು ಒಂದು ಊರಿಗೆ ಹೋಗಿದ್ದೆ. ಕೆಲಸ ಮುಗಿಸಿ ಜಗಲಿಯ ಮೇಲೆ ಕುಳಿತಾಗ ಆ ಮನೆಯ ಅಜ್ಜಿ ಹದಿನೈದು ದಿನದ ಹೆಣ್ಣುಮಗುವನ್ನು ಎತ್ತಿಕೊಂಡು ಬಂದರು. "ನೋಡಪ್ಪ, ರೆಪ್ಪೆಯ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಕೆಂಪಗೆ ಎದ್ದಿದೆ. ಬಸುರಿಯಲ್ಲಿ ಇವರಮ್ಮ ಗ್ರಹಣದ ಹೊತ್ತು ಹೊರಗೆ ಬಂದಿದ್ದಳು. ಅದರದೇ ಗುರುತು" ಎಂದರು. ಗ್ರಹಣಕ್ಕೂ ಮಚ್ಚೆಗೂ ಸಂಬಂಧವಿಲ್ಲವೆಂದು ನಾನು ಹೇಳಿದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. "ಇಂಥವು ತಾವಾಗಿಯೇ ಹೋಗುತ್ತವೆ ಅಜ್ಜಿ, ಏನೂ ಮಾಡಬೇಕಾಗಿಲ್ಲ" ಎಂದೂ ಸೇರಿಸಿದೆ. ಎಲ್ಲಿಯೋ ಓದಿದ್ದ ಅರ್ಧ ಮಾತು ಅದು.

ಎರಡು ತಿಂಗಳ ತರುವಾಯ ಮತ್ತೆ ಆ ಮನೆಗೆ ಹೋದೆ. ಸೊಳ್ಳೆ ಕಡಿತದಷ್ಟಿದ್ದ ಮಚ್ಚೆ ನೇರಳೆಹಣ್ಣಿನ ಗಾತ್ರದ ಗಂಟಾಗಿತ್ತು. ಮಗುವಿನ ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು. "ನೀವೇ ಹೇಳಿದಿರಲ್ಲ ಸ್ವಾಮಿ, ತಾನಾಗಿ ಹೋಗುತ್ತದೆ ಅಂತ, ಕಾಯುತ್ತಾ ಇದ್ದೇವೆ" ಎಂದು ಮಗುವಿನ ತಂದೆ ಹೇಳಿದಾಗ ನನಗೆ ನಿಂತ ನೆಲ ಕುಸಿದಂತಾಯಿತು. ಅಜ್ಜಿ ಹೇಳಿದ್ದು ಗ್ರಹಣದ ಮಾತು, ನಾನು ಹೇಳಿದ್ದು ಓದಿದವನ ಮಾತು. ಎರಡರಿಂದಲೂ ಮಗುವಿಗೆ ಆದ ನಷ್ಟ ಒಂದೇ. ಆ ದಿನವೇ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಂದಿನಿಂದ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡುದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮಚ್ಚೆಗಳಲ್ಲಿ ಮೂರು ಬಗೆ

ಹುಟ್ಟಿದ ಮಗುವಿನ ಮೈಮೇಲಿನ ಕೆಂಪು ಮಚ್ಚೆಗಳೆಲ್ಲ ಚರ್ಮದೊಳಗಿನ ಸಣ್ಣ ರಕ್ತನಾಳಗಳಿಂದ ಆದವು. ನೋಡಲು ಒಂದೇ ಥರ ಕಂಡರೂ ಮುಖ್ಯವಾಗಿ ಮೂರು ಬಗೆಯವು ಇವೆ. ಪೈರನ್ನೂ ಕಳೆಯನ್ನೂ ಎಳೆಯದರಲ್ಲೇ ಬೇರೆ ಮಾಡಬಲ್ಲ ನಿಮಗೆ ಇವುಗಳನ್ನು ಗುರುತಿಸುವುದು ಕಷ್ಟವಲ್ಲ.

ಮೊದಲನೆಯದು, ತಿಳಿಗೆಂಪಿನ ಚಪ್ಪಟೆ ಮಚ್ಚೆ. ಕತ್ತಿನ ಹಿಂಭಾಗ, ಹುಬ್ಬುಗಳ ನಡುವೆ, ರೆಪ್ಪೆಗಳ ಮೇಲೆ ಇರುತ್ತದೆ. ಮಗು ಅತ್ತಾಗ ಕೆಂಪು ಹೆಚ್ಚಾಗುತ್ತದೆ. ಬಹಳ ಮಕ್ಕಳಲ್ಲಿ ಕಾಣುವಂಥದು. ಮುಖದ ಮೇಲಿನದು ಒಂದೆರಡು ವರ್ಷಗಳಲ್ಲಿ ಮಾಸುತ್ತದೆ. ಕತ್ತಿನದು ಉಳಿದರೂ ತೊಂದರೆಯಿಲ್ಲ. ಇದಕ್ಕೆ ಔಷಧಿ ಬೇಕಿಲ್ಲ.

ಎರಡನೆಯದು, ಬೆಳೆಯುವ ಮಚ್ಚೆ. ಇದನ್ನು ವೈದ್ಯರು ಹಿಮ್ಯಾಂಜಿಯೋಮ ಎನ್ನುತ್ತಾರೆ. ನಾವು ರಕ್ತನಾಳದ ಗಂಟು ಎನ್ನೋಣ. ನೂರು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಇದು ಬರುತ್ತದೆ. ಹೆಣ್ಣುಮಕ್ಕಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ, ತೂಕ ಕಡಿಮೆಯಿರುವವರಲ್ಲಿ ಹೆಚ್ಚು. ಹುಟ್ಟಿದಾಗ ಇದು ಇಲ್ಲದಿರಬಹುದು, ಇಲ್ಲವೆ ಒಂದು ಬಿಳಿಚಿದ ಕಲೆಯಾಗಿ, ಗೀರಾಗಿ ಇರಬಹುದು. ಕೆಲವು ದಿನ, ಕೆಲವು ವಾರಗಳಲ್ಲಿ ಕೆಂಪೇರಿ ಉಬ್ಬುತ್ತದೆ. ಚರ್ಮದ ಆಳದಲ್ಲಿದ್ದರೆ ನೀಲಿ ಛಾಯೆಯ ಮೆತ್ತನೆಯ ಗಂಟಾಗಿ ಕಾಣುತ್ತದೆ.

ಮೂರನೆಯದು, ದ್ರಾಕ್ಷಾರಸ ಚೆಲ್ಲಿದಂಥ ಬಣ್ಣದ ಮಚ್ಚೆ. ಇದು ಹುಟ್ಟಿದ ದಿನವೇ ಇರುತ್ತದೆ. ಚಪ್ಪಟೆಯಾಗಿದ್ದು ಬಹಳ ಮಟ್ಟಿಗೆ ಮೈಯ ಒಂದೇ ಪಕ್ಕದಲ್ಲಿರುತ್ತದೆ. ಮಗು ಬೆಳೆದಷ್ಟೇ ಇದೂ ಬೆಳೆಯುತ್ತದೆ, ಆದರೆ ಎಂದಿಗೂ ತಾನಾಗಿ ಹೋಗುವುದಿಲ್ಲ. ಸಾವಿರ ಮಕ್ಕಳಲ್ಲಿ ಸುಮಾರು ಮೂರು ಮಕ್ಕಳಿಗೆ ಇರುತ್ತದೆ.

ಗ್ರಹಣದ ಸಂದೇಹವನ್ನು ಇಲ್ಲಿಯೇ ಪರಿಹರಿಸಿಬಿಡೋಣ. ಈ ಮೂರನೆಯ ಬಗೆಯ ಮಚ್ಚೆಗೆ ಕಾರಣವನ್ನು ವಿಜ್ಞಾನಿಗಳು 2013ರಲ್ಲಿ ಕಂಡುಹಿಡಿದರು. ಮಗು ಗರ್ಭದಲ್ಲಿ ರೂಪುಗೊಳ್ಳುವಾಗ ಯಾವುದೋ ಒಂದು ಜೀವಕೋಶದಲ್ಲಿ ಒಂದು ಸಣ್ಣ ಬದಲಾವಣೆ ಆಗುತ್ತದೆ. ಆ ಕೋಶದಿಂದ ಬೆಳೆದ ಭಾಗದಲ್ಲಿ ಮಾತ್ರ ರಕ್ತನಾಳಗಳು ಹಿಗ್ಗುತ್ತವೆ. ಒಂದೇ ದಾಸವಾಳದ ಗಿಡದಲ್ಲಿ ಒಂದು ರೆಂಬೆ ಮಾತ್ರ ಬೇರೆ ಬಣ್ಣದ ಹೂ ಬಿಡುವುದನ್ನು ನೀವು ನೋಡಿರಬಹುದು. ಇದೂ ಅಂಥದೇ. ಅದು ಗಿಡ ನೆಟ್ಟವನ ತಪ್ಪಲ್ಲ. ಇದು ಹೆತ್ತವಳ ತಪ್ಪಲ್ಲ. ಬಾಣಂತಿಯನ್ನು ಮೂದಲಿಸುವ ಮನೆಗಳಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ.

"ತಾನಾಗಿ ಹೋಗುತ್ತದೆ" ಎಂಬುದು ಎಷ್ಟು ನಿಜ?

ರಕ್ತನಾಳದ ಗಂಟು ಬೆಳೆಯುವ ಬಗೆಯನ್ನು ತಿಳಿದರೆ ಈ ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ. ಅದು ಅತಿ ವೇಗವಾಗಿ ಬೆಳೆಯುವುದು ಮಗುವಿಗೆ ಐದರಿಂದ ಏಳು ವಾರವಾಗುವ ಹೊತ್ತಿನಲ್ಲಿ. ಮೂರು ತಿಂಗಳಾಗುವಷ್ಟರಲ್ಲಿ ತನ್ನ ಪೂರ್ಣ ಗಾತ್ರದ ನೂರಕ್ಕೆ ಎಂಬತ್ತು ಭಾಗದಷ್ಟಾಗಿರುತ್ತದೆ. ಐದು ತಿಂಗಳಿಗೆ ಬಹುತೇಕ ಬೆಳವಣಿಗೆ ಮುಗಿಯುತ್ತದೆ. ವರ್ಷ ತುಂಬಿದ ಮೇಲೆ ಮೆಲ್ಲಗೆ ಇಳಿಯತೊಡಗುತ್ತದೆ. ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನವು ಇಳಿದಿರುತ್ತವೆ. ಆದುದರಿಂದ "ತಾನಾಗಿ ಹೋಗುತ್ತದೆ" ಎಂಬುದು ಸುಳ್ಳಲ್ಲ. ಬೆನ್ನಿನ ಮೇಲೋ ತೋಳಿನ ಮೇಲೋ ಇರುವ ಕಡಲೆಕಾಳಿನಷ್ಟು ಮಚ್ಚೆಯನ್ನು ಒಮ್ಮೆ ವೈದ್ಯರಿಗೆ ತೋರಿಸಿ, ಅವರು ಬೇಡವೆಂದರೆ ಸುಮ್ಮನೆ ಬಿಡಬಹುದು.

ಆದರೆ ಗಂಟು ಹೋಗುವುದು ವರ್ಷಗಳ ಲೆಕ್ಕದಲ್ಲಿ. ಕೆಡುಕು ಮಾಡುವುದು ವಾರಗಳ ಲೆಕ್ಕದಲ್ಲಿ. ಕಳೆಯೂ ಬೆಳೆಯ ಕೊನೆಗೆ ಒಣಗಿಯೇ ಒಣಗುತ್ತದೆ, ಅದಕ್ಕಾಗಿ ನೀವು ಕಾಯುತ್ತೀರಾ? ಅಷ್ಟರಲ್ಲಿ ಪೈರಿನ ಗತಿಯೇನು? ದೊಡ್ಡ ಗಂಟು ಇಳಿದ ಮೇಲೂ ಜೋಲುಚರ್ಮ, ಕಲೆ, ವಿಕಾರ ಉಳಿಯುವುದುಂಟು.

ಕಣ್ಣಿನ ವಿಷಯವಂತೂ ಇನ್ನೂ ಸೂಕ್ಷ್ಮ. ಮಗು ಹುಟ್ಟಿದ ಮೇಲೆಯೇ ನೋಡುವುದನ್ನು ಕಲಿಯುತ್ತದೆ. ಗಂಟು ಕಣ್ಣನ್ನು ಮುಚ್ಚಿದರೆ, ಇಲ್ಲವೆ ಅದರ ಒತ್ತಡಕ್ಕೆ ಕಣ್ಣುಗುಡ್ಡೆಯ ಆಕಾರ ಓರೆಯಾದರೆ, ಮಿದುಳು ಆ ಕಣ್ಣನ್ನು ಉಪಯೋಗಿಸುವುದನ್ನೇ ಬಿಟ್ಟುಬಿಡುತ್ತದೆ. ನೀರು ಹರಿಯದ ಕಾಲುವೆಯಲ್ಲಿ ಹೂಳು ತುಂಬಿಕೊಳ್ಳುವುದಿಲ್ಲವೆ, ಹಾಗೆ. ಮುಂದೆ ಗಂಟು ಹೋಗಿ ಕಣ್ಣು ತೆರೆದರೂ ನೋಟ ಮಂಜಾಗಿಯೇ ಉಳಿಯಬಹುದು.

ಬಿಡಕೂಡದ ಮಚ್ಚೆಗಳು

ಈ ಕೆಳಗಿನ ಯಾವುದೇ ಲಕ್ಷಣ ಕಂಡರೂ ಕಾಯಕೂಡದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇಂಥ ಮಕ್ಕಳನ್ನು ಒಂದು ತಿಂಗಳು ತುಂಬುವುದರೊಳಗೆ ತಜ್ಞರಿಗೆ ತೋರಿಸಬೇಕೆಂದು ಹೇಳುತ್ತದೆ.

1. ಕಣ್ಣಿನ ರೆಪ್ಪೆ, ಕಣ್ಣಿನ ಸುತ್ತ. ಕಾರಣವನ್ನು ಮೇಲೆ ಹೇಳಿದ್ದೇನೆ.

2. ಮೂಗಿನ ತುದಿ, ತುಟಿ, ಕಿವಿ. ಇಲ್ಲಿ ಸಣ್ಣ ಗಂಟೂ ರೂಪವನ್ನು ಕೆಡಿಸುತ್ತದೆ. ತುಟಿಯಲ್ಲಿ ಹುಣ್ಣಾದರೆ ಮಗು ಮೊಲೆ ಹಿಡಿಯಲಾರದು.

3. ಗಡ್ಡ ಬೆಳೆಯುವ ಜಾಗ, ಅಂದರೆ ಕೆನ್ನೆಯ ಕೆಳಭಾಗ, ಗದ್ದ, ಕತ್ತಿನ ಮುಂಭಾಗ. ಹೊರಗೆ ಇಲ್ಲಿದ್ದರೆ ಗಂಟಲೊಳಗೆ, ಉಸಿರಿನ ದಾರಿಯಲ್ಲೂ ಇರುವ ಸಂಭವವುಂಟು. ಉಸಿರೆಳೆದುಕೊಳ್ಳುವಾಗ ಗೊರಗೊರ ಸದ್ದು, ಸೀಟಿಯಂಥ ಸದ್ದು ಬಂದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

4. ಮುಖದ ಅಥವಾ ತಲೆಯ ಒಂದು ಪಾಲನ್ನೇ ಆವರಿಸಿದ ದೊಡ್ಡ ಮಚ್ಚೆ. ಇದರ ಜೊತೆಗೆ ಮಿದುಳಿನ ರಕ್ತನಾಳಗಳಲ್ಲಿ, ಹೃದಯದಲ್ಲಿ, ಕಣ್ಣಿನಲ್ಲಿ ದೋಷವಿರಬಹುದು. ಆದ್ದರಿಂದ ಔಷಧಿಗೆ ಮೊದಲು ತಲೆಯ ಎಂ.ಆರ್.ಐ. ಮತ್ತು ಹೃದಯದ ಸ್ಕ್ಯಾನ್ ಮಾಡಿ ನೋಡುತ್ತಾರೆ.

5. ಸೊಂಟದ ಹಿಂಭಾಗದ ನಡುಗೆರೆಯ ಮೇಲಿನ ದೊಡ್ಡ ಮಚ್ಚೆ. ಒಳಗೆ ಬೆನ್ನುಹುರಿಯಲ್ಲಿ, ಮೂತ್ರದ ದಾರಿಯಲ್ಲಿ ದೋಷವಿರಬಹುದು.

6. ಮೈಮೇಲೆ ಐದು ಅಥವಾ ಹೆಚ್ಚು ಗಂಟುಗಳು. ಪ್ರತಿಯೊಂದೂ ಸಾಸಿವೆಕಾಳಿನಷ್ಟಿದ್ದರೂ ಸರಿ, ಎಣಿಸಿ ನೋಡಿ. ಪಿತ್ತಜನಕಾಂಗದೊಳಗೂ ಇರಬಹುದಾದ್ದರಿಂದ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಅಲ್ಲಿ ಬಹಳ ಗಂಟುಗಳಿದ್ದರೆ ಹೃದಯಕ್ಕೆ ಹೊರೆಯಾಗುತ್ತದೆ.

7. ಹುಣ್ಣಾದ, ರಕ್ತ ಒಸರುವ ಮಚ್ಚೆ. ಬಟ್ಟೆ ಕಟ್ಟುವ ಜಾಗ, ತುಟಿ, ಕತ್ತಿನ ಮಡಿಕೆಗಳಲ್ಲಿ ಹುಣ್ಣಾಗುವುದು ಹೆಚ್ಚು. ಬಹಳ ನೋವಿರುತ್ತದೆ.

8. ಜಜ್ಜಿದಂತೆ ಕಪ್ಪು ನೇರಳೆ ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ದಿನದಿನಕ್ಕೆ ಊದುವ ಗಂಟು. ಇದು ಬೇರೆಯೇ ಜಾತಿಯದು, ಅಪರೂಪದ್ದು. ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಇದು ಹಿಡಿದಿಟ್ಟುಕೊಳ್ಳುತ್ತದೆ. ಮೈಯಲ್ಲಿ ಎಲ್ಲಿ ಬೇಕಾದರೂ ರಕ್ತಸ್ರಾವವಾಗಬಹುದು. ಜೀವಕ್ಕೆ ಅಪಾಯ. ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು. ಸಿರೋಲಿಮಸ್ ಎಂಬ ಔಷಧಿಯಿಂದ ಈಗ ಅನೇಕ ಮಕ್ಕಳು ಉಳಿಯುತ್ತಿದ್ದಾರೆ.

ಔಷಧಿ ಸಿಕ್ಕ ಬಗೆ

ಹಿಂದೆ ಇಂಥ ಗಂಟುಗಳಿಗೆ ಸ್ಟಿರಾಯ್ಡ್ ಔಷಧಿಗಳನ್ನು ತಿಂಗಳುಗಟ್ಟಲೆ ಕೊಡುತ್ತಿದ್ದರು. ಅದರ ದುಷ್ಪರಿಣಾಮಗಳು ಬಹಳ. ಅದಕ್ಕಿಂತ ಒಳ್ಳೆಯ ಔಷಧಿ ಸಿಕ್ಕಿದ್ದು ಆಕಸ್ಮಿಕವಾಗಿ.

ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ ಮೂಗಿನ ಮೇಲೆ ಗಂಟಿದ್ದ ಒಂದು ಮಗುವಿಗೆ ಸ್ಟಿರಾಯ್ಡ್ ಕೊಡುತ್ತಿದ್ದರು. ಆ ಮಗುವಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಹೃದಯಕ್ಕೆಂದು ಪ್ರೊಪ್ರಾನೊಲಾಲ್ ಎಂಬ ಔಷಧಿಯನ್ನು ಕೊಟ್ಟರು. ಮರುದಿನ ನೋಡಿದರೆ ಕಡುಗೆಂಪಾಗಿದ್ದ ಗಂಟು ನೇರಳೆ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಅಲ್ಲಿನ ಚರ್ಮವೈದ್ಯೆ ಕ್ರಿಸ್ಟೀನ್ ಲಿಯೋತೆ-ಲಾಬ್ರೇಜ್ ಮತ್ತು ಅವರ ಸಂಗಡಿಗರು ಇದನ್ನು ಕಡೆಗಣಿಸಲಿಲ್ಲ. ಒಟ್ಟು 11 ಮಕ್ಕಳಲ್ಲಿ ಕಂಡ ಫಲವನ್ನು 2008ರಲ್ಲಿ ಪ್ರಕಟಿಸಿದರು. ಪ್ರೊಪ್ರಾನೊಲಾಲ್ ಹೊಸ ಔಷಧಿಯೂ ಅಲ್ಲ. 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ಅದನ್ನು ರೂಪಿಸಿದ ಸರ್ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ದೊರೆತಿತ್ತು.

ಒಂದು ಗದ್ದೆಯಲ್ಲಿ ಫಲ ಕೊಟ್ಟ ತಳಿಯನ್ನು ಹಲವು ತಾಕುಗಳಲ್ಲಿ ಪರೀಕ್ಷಿಸದೆ ನಾವು ಒಪ್ಪುವುದಿಲ್ಲ. ವೈದ್ಯರೂ ಹಾಗೆಯೇ ಮಾಡಿದರು. 460 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಂದಿತು. ದಿನಕ್ಕೆ ಕಿಲೋ ತೂಕಕ್ಕೆ 3 ಮಿಲಿಗ್ರಾಮಿನಂತೆ ಆರು ತಿಂಗಳು ಔಷಧಿ ಕೊಟ್ಟ ಮಕ್ಕಳಲ್ಲಿ ನೂರಕ್ಕೆ 60 ಮಂದಿಗೆ ಗಂಟು ಪೂರ್ತಿ ಅಥವಾ ಬಹುಪಾಲು ಹೋಗಿತ್ತು. ಔಷಧಿಯಿಲ್ಲದ ಬರೀ ಸಿಹಿನೀರಿನಂಥದನ್ನು ಕೊಟ್ಟವರಲ್ಲಿ ಹಾಗಾದದ್ದು ನೂರಕ್ಕೆ 4 ಮಂದಿಗೆ ಮಾತ್ರ. ಈಗ ಇಂಥ ಗಂಟಿಗೆ ಇದೇ ಮೊದಲ ಔಷಧಿ. ತೆಳುವಾದ ಸಣ್ಣ ಮಚ್ಚೆಗಳಿಗೆ ಟಿಮೊಲಾಲ್ ಎಂಬ ಕಣ್ಣಿನ ಹನಿಯನ್ನು ಚರ್ಮದ ಮೇಲೆ ಹಚ್ಚಲು ವೈದ್ಯರು ಹೇಳುವುದೂ ಉಂಟು.

ಔಷಧಿ ಕೊಡುವಾಗ ಇಡಬೇಕಾದ ಎಚ್ಚರ

ಈ ಔಷಧಿಯನ್ನು ವೈದ್ಯರೇ ಆರಂಭಿಸಬೇಕು. ಮಗುವಿನ ಎದೆಬಡಿತ, ಉಸಿರಾಟ, ತೂಕ ನೋಡಿ, ಕಡಿಮೆ ಪ್ರಮಾಣದಿಂದ ತೊಡಗಿ ಏರಿಸುತ್ತಾರೆ. ತೀರ ಎಳೆಯ ಕೂಸನ್ನು ಮೊದಲ ಒಂದೆರಡು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬಹುದು. ಮನೆಯಲ್ಲಿ ಹಿರಿಯರು ರಕ್ತದೊತ್ತಡಕ್ಕೆಂದು ನುಂಗುವ ಮಾತ್ರೆಯನ್ನು ಮುರಿದು ಕೊಡುವ ಸಾಹಸ ಎಂದೂ ಕೂಡದು.

ಔಷಧಿಯನ್ನು ಬಹಳ ಮಟ್ಟಿಗೆ ದಿನಕ್ಕೆ ಎರಡು ಸಲ, ಒಂಬತ್ತು ಗಂಟೆಗೆ ಕಡಿಮೆಯಿಲ್ಲದ ಅಂತರದಲ್ಲಿ ಕೊಡುತ್ತಾರೆ. ಮಗು ಹಾಲು ಕುಡಿಯುವಾಗ, ಇಲ್ಲವೆ ಕುಡಿದ ಒಡನೆಯೇ ಕೊಡಬೇಕು. ಏಕೆಂದರೆ ಹಸಿದ ಹೊಟ್ಟೆಯಲ್ಲಿ ಇದು ರಕ್ತದ ಸಕ್ಕರೆಯನ್ನು ಇಳಿಸಬಲ್ಲದು. ಮಗುವಿಗೆ ವಾಂತಿ, ಭೇದಿ ಆಗುತ್ತಿದ್ದರೆ, ಹಾಲು ಕುಡಿಯದಿದ್ದರೆ ಆ ಹೊತ್ತಿನ ಔಷಧಿಯನ್ನು ನಿಲ್ಲಿಸಿ ವೈದ್ಯರನ್ನು ಕೇಳಿ. ಎದೆಯಲ್ಲಿ ಸುಂಯ್ ಸುಂಯ್ ಎನ್ನುವ ಉಬ್ಬಸವಿದ್ದರೂ ಹಾಗೆಯೇ. ಒಂದು ಹೊತ್ತು ಮರೆತರೆ ಮರೆತದ್ದೇ. ಮುಂದಿನ ಹೊತ್ತಿನಲ್ಲಿ ಎರಡರಷ್ಟು ಕೊಡಕೂಡದು.

ಮೈ ತಣ್ಣಗಾಗಿ ಬೆವರುವುದು, ಬಿಳಿಚುವುದು, ನಡುಗುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್ ಬರುವುದು: ಇವು ಸಕ್ಕರೆ ಇಳಿದ ಗುರುತುಗಳು. ಎಚ್ಚರವಿದ್ದರೆ ಹಾಲುಣಿಸಿ, ತಡಮಾಡದೆ ಆಸ್ಪತ್ರೆಗೆ ಓಡಿ. ಅಂಗೈ ಅಂಗಾಲು ತುಸು ತಣ್ಣಗಾಗುವುದು, ನಿದ್ದೆ ಕೆಡುವುದು ಮಾತ್ರ ಕಂಡರೆ ಗಾಬರಿ ಬೇಡ. ಮುಂದಿನ ಭೇಟಿಯಲ್ಲಿ ಹೇಳಿ.

ಗಂಟು ಇಳಿಯಿತೆಂದು ಎರಡು ತಿಂಗಳಿಗೇ ಔಷಧಿ ಬಿಡಬೇಡಿ. ಕಡೆಯ ಪಕ್ಷ ಆರು ತಿಂಗಳು, ಎಷ್ಟೋ ಸಲ ಮಗುವಿಗೆ ವರ್ಷ ತುಂಬುವವರೆಗೂ ಕೊಡಬೇಕಾಗುತ್ತದೆ. ಮಗುವಿನ ತೂಕ ಏರಿದಂತೆ ಪ್ರಮಾಣವೂ ಬದಲಾಗುವುದರಿಂದ ಹೇಳಿದ ದಿನ ತಪ್ಪದೆ ಹೋಗಬೇಕು. ನಾಟಿಯ ಕೆಲಸವಿದೆ, ಸಂತೆಯಿದೆ ಎಂದು ಮುಂದೂಡಬೇಡಿ.

ದ್ರಾಕ್ಷಾರಸದ ಬಣ್ಣದ ಮಚ್ಚೆಗೆ

ಇದಕ್ಕೆ ಪ್ರೊಪ್ರಾನೊಲಾಲ್ ನಾಟುವುದಿಲ್ಲ. ಲೇಸರ್ ಎಂಬ ಬೆಳಕಿನ ಚಿಕಿತ್ಸೆಯುಂಟು. ಆ ಬೆಳಕು ಚರ್ಮವನ್ನು ದಾಟಿ ರಕ್ತದ ಕೆಂಪಿಗೆ ಮಾತ್ರ ತಾಗಿ ನಾಳಗಳನ್ನು ಮುಚ್ಚಿಸುತ್ತದೆ. ಹಲವು ಸಲ ಮಾಡಿಸಬೇಕು. ಬಣ್ಣ ತಿಳಿಯಾಗುತ್ತದೆ, ಪೂರ್ತಿ ಹೋಗುವುದು ಕಡಿಮೆ. ಎಳೆವಯಸ್ಸಿನಲ್ಲಿ ತೊಡಗಿದರೆ ಫಲ ಹೆಚ್ಚು. ಈ ಮಚ್ಚೆ ಹಣೆಯ ಮೇಲೆ, ಮೇಲ್ರೆಪ್ಪೆಯ ಮೇಲೆ ಇದ್ದರೆ ಇನ್ನೊಂದು ಎಚ್ಚರ ಬೇಕು. ಕೆಲವು ಮಕ್ಕಳಿಗೆ ಒಳಗೆ ಮಿದುಳಿನ ಹೊದಿಕೆಯಲ್ಲೂ ಇಂಥದೇ ನಾಳಗಳಿದ್ದು ಫಿಟ್ಸ್ ಬರಬಹುದು. ಕಣ್ಣಿನೊಳಗೆ ಒತ್ತಡ ಏರಿ ದೃಷ್ಟಿ ಹೋಗಬಹುದು. ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ನೀರು ಸುರಿಯುತ್ತಿದ್ದರೆ, ಬೆಳಕಿಗೆ ಮಗು ಕಣ್ಣು ಮುಚ್ಚಿಕೊಂಡರೆ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು.

ಮಾಡಕೂಡದ ಕೆಲಸಗಳು

ಬರೆ ಹಾಕಬೇಡಿ. ಮಚ್ಚೆಯ ಮೇಲೆ ಕಾದ ಕಬ್ಬಿಣ ಇಟ್ಟರೆ ಸುಟ್ಟ ಹುಣ್ಣು, ನಂಜು, ಜೀವನಪರ್ಯಂತ ಉಳಿಯುವ ಕಲೆ. ಗಂಟು ಮಾತ್ರ ಬೆಳೆಯುತ್ತಲೇ ಇರುತ್ತದೆ. ಸುಣ್ಣ, ಎಕ್ಕದ ಹಾಲು, ಗೇರುಸಿಪ್ಪೆಯ ಎಣ್ಣೆ ಹಚ್ಚಬೇಡಿ. ಎಳೆಯ ಚರ್ಮ ಸುಡುತ್ತದೆ. ಗಂಟಿಗೆ ದಾರ ಬಿಗಿಯಬೇಡಿ, ಸೂಜಿಯಿಂದ ಚುಚ್ಚಬೇಡಿ.

ಉಗುರು ತಾಗಿ ರಕ್ತ ಬಂದರೆ ಶುದ್ಧವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ನಿಂತ ಮೇಲೂ ಒಮ್ಮೆ ವೈದ್ಯರಿಗೆ ತೋರಿಸಿ. ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೋಗಿ. ಹುಣ್ಣಾಗಿದ್ದರೆ ಅರಿಸಿನ, ಬೂದಿ ಮೆತ್ತದೆ, ಶುದ್ಧವಾದ ವ್ಯಾಸಲೀನು ಸವರಿ, ಬಟ್ಟೆ ಅಂಟದಂತೆ ನೋಡಿಕೊಂಡು ವೈದ್ಯರ ಬಳಿಗೆ ಹೋಗಿ.

ಎಲ್ಲಿಗೆ ಹೋಗಬೇಕು?

ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮಗುವನ್ನು ನೋಡಲು ಮನೆಗೆ ಬರಬೇಕೆಂಬ ಏರ್ಪಾಡಿದೆ. ಆಕೆ ಬಂದಾಗ ಮಗುವಿನ ಬಟ್ಟೆ ಬಿಚ್ಚಿ, ತಲೆಯಿಂದ ಅಂಗಾಲಿನವರೆಗೆ ತೋರಿಸಿ. ದೃಷ್ಟಿಯಾಗುತ್ತದೆ ಎಂದು ಮುಚ್ಚಿಡಬೇಡಿ. ಆ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅವರಿಂದ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಇಲ್ಲವೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ಮಕ್ಕಳ ಹುಟ್ಟುದೋಷಗಳನ್ನು ಪತ್ತೆಮಾಡಿ ಉಚಿತವಾಗಿ ಚಿಕಿತ್ಸೆಗೆ ಕಳುಹಿಸಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಇಂಥ ಮಚ್ಚೆಗೆ ಅದರಲ್ಲಿ ಯಾವ ಸಹಾಯ ದೊರೆಯುತ್ತದೆಂದು ಆರೋಗ್ಯ ಕೇಂದ್ರದಲ್ಲಿಯೇ ಕೇಳಿ.

ಇನ್ನೊಂದು ಸುಲಭವಾದ ಕೆಲಸವಿದೆ. ಮಚ್ಚೆ ಕಂಡ ದಿನವೇ ಅದರ ಪಕ್ಕ ಒಂದು ರೂಪಾಯಿ ನಾಣ್ಯ ಹಿಡಿದು ಫೋನಿನಲ್ಲಿ ಒಂದು ಚಿತ್ರ ತೆಗೆಯಿರಿ. ವಾರಕ್ಕೊಮ್ಮೆ ಹಾಗೆಯೇ ತೆಗೆದಿಡಿ. ಬೆಳೆಯುತ್ತಿದೆಯೋ ಇಲ್ಲವೋ ನಿಮಗೂ ತಿಳಿಯುತ್ತದೆ, ವೈದ್ಯರಿಗೂ ತಿಳಿಯುತ್ತದೆ. ಆದರೆ ಮೇಲೆ ಹೇಳಿದ ಎಂಟರಲ್ಲಿ ಒಂದಾಗಿದ್ದರೆ ಮುಂದಿನ ವಾರದ ಚಿತ್ರಕ್ಕೆ ಕಾಯಬೇಡಿ.

ಆ ಮಗು ಈಗ

ನೀವು ಕೇಳುವಿರೆಂದು ಹೇಳುತ್ತೇನೆ. ಆ ಹೆಣ್ಣುಮಗುವಿಗೆ ಆಸ್ಪತ್ರೆಯಲ್ಲಿ ಔಷಧಿ ಆರಂಭಿಸಿದರು. ಮೂರನೆಯ ದಿನಕ್ಕೆ ಗಂಟು ಮೆತ್ತಗಾಯಿತು. ತಿಂಗಳೊಳಗೆ ಕಣ್ಣು ಅರ್ಧ ತೆರೆಯಿತು. ಈಗ ವರ್ಷ ದಾಟಿದೆ. ರೆಪ್ಪೆಯ ಮೇಲೆ ಮಸುಕಾದ ಒಂದು ಗುರುತು ಬಿಟ್ಟರೆ ಬೇರೇನೂ ಕಾಣದು. ಆದರೆ ಎಡಗಣ್ಣಿನ ನೋಟ ಇನ್ನೂ ಮಂದ. ಆ ಕಣ್ಣಿಗೆ ಕೆಲಸ ಕೊಡಲೆಂದು ಒಳ್ಳೆಯ ಕಣ್ಣಿಗೆ ದಿನಾ ಕೆಲವು ಗಂಟೆ ಪಟ್ಟಿ ಅಂಟಿಸುತ್ತಾರೆ. ಮಗು ಅದನ್ನು ಕಿತ್ತು ಬಿಸಾಡುತ್ತದೆ, ಅಜ್ಜಿ ಮತ್ತೆ ಅಂಟಿಸಿ ಹಿಂದೆ ಹಿಂದೆ ತಿರುಗುತ್ತಾರೆ. ನೋಟ ಎಷ್ಟು ಮರಳುವುದೋ ಕಾದು ನೋಡಬೇಕು. ಮೊದಲ ತಿಂಗಳಲ್ಲೇ ಬಂದಿದ್ದರೆ ಈ ಪಟ್ಟಿಯ ಅಗತ್ಯವೇ ಬೀಳುತ್ತಿರಲಿಲ್ಲವೇನೋ ಎಂದು ಕಣ್ಣಿನ ವೈದ್ಯರು ಹೇಳಿದರು. ಅವರು ಹೇಳಿದ್ದು ಮಗುವಿನ ತಂದೆಗೆ, ನಾಟಿದ್ದು ನನಗೆ.

ಆದುದರಿಂದ ನನ್ನ ವಿನಂತಿ ಇಷ್ಟೇ. ಮಗು ಹುಟ್ಟಿದ ಮೊದಲ ತಿಂಗಳಲ್ಲಿ ಮೈಮೇಲೆ ಕೆಂಪು ಮಚ್ಚೆ ಕಂಡು, ಅದು ಬೆಳೆಯುತ್ತಿದ್ದರೆ, "ಗ್ರಹಣ" ಎನ್ನುವವರ ಮಾತನ್ನೂ ಕೇಳಬೇಡಿ, "ತಾನಾಗಿ ಹೋಗುತ್ತದೆ" ಎನ್ನುವ ನನ್ನಂಥವರ ಮಾತನ್ನೂ ಕೇಳಬೇಡಿ. ಬಿಡಬಹುದೋ ಬಿಡಕೂಡದೋ ಎಂಬುದನ್ನು ವೈದ್ಯರು ನೋಡಿ ಹೇಳಲಿ. ಓದಲು ಬಾರದ ನೆರೆಮನೆಯವರಿಗೆ ಇದನ್ನು ಓದಿ ಹೇಳಿ. ಬಾಣಂತಿಯಿರುವ ಮನೆಗೆ ಈ ಹಾಳೆಯನ್ನು ಕೊಟ್ಟುಬಿಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಹೊಲದ ಮಾತಿಗೆ ಬರೋಣ.

ನಿಮ್ಮ ಗ್ರಾಮಸೇವಕ